ಹಳೆಯ ಅಮೆರಿಕನ್ ಜನಗಣತಿಯಲ್ಲಿ ಕುಟುಂಬ ಹುಡುಕುವುದು ಹೇಗೆ?

ಅಮೆರಿಕದ ಮೊದಲ ಜನಗಣತಿ ನಡೆದದ್ದು 1790ರಲ್ಲಿ. ಅಲ್ಲಿಂದ 1840ರವರೆಗಿನ ಆರು ಗಣತಿಗಳಲ್ಲಿ ಮನೆಯ ಯಜಮಾನನ ಹೆಸರೊಂದೇ ಸಿಗುತ್ತದೆ. ಉಳಿದವರೆಲ್ಲ ವಯಸ್ಸಿನ ಕಾಲಂಗಳಲ್ಲಿ ಬರೀ ಅಂಕಿಗಳು: ಹೆಂಡತಿ ಎಂದರೆ ಒಂದು ‘1’, ಮೂವರು ಗಂಡುಮಕ್ಕಳೆಂದರೆ ಒಂದು ‘3’. ತಮ್ಮ ಹಿರಿಯರು ಯಾರೆಂದು ಕೇಳಿಕೊಂಡು ಗ್ರಂಥಾಲಯಕ್ಕೋ ವಂಶಾವಳಿ ಸಂಘಕ್ಕೋ ಬರುವವರಿಗೆ ನೆರವಾಗುವ ಸ್ವಯಂಸೇವಕರು ಹೆಚ್ಚಾಗಿ ತಡವರಿಸುವುದು ಇಲ್ಲಿಯೇ. ಅಂಕಿಗಳಿಂದಲೂ ಕುಟುಂಬವನ್ನು ಗುರುತಿಸಬಹುದು. ಆದರೆ ಹೆಸರು ಹೊಂದಿದರೆ ಸಾಲದು, ಇಡೀ ಮನೆಯೇ ಹೊಂದಬೇಕು.

ಮೊದಲ ಹೆಜ್ಜೆ: 1850ರಿಂದ ಹಿಂದಕ್ಕೆ

ಗುಲಾಮರಲ್ಲದ ಪ್ರತಿಯೊಬ್ಬರ ಹೆಸರು, ವಯಸ್ಸು, ಹುಟ್ಟಿದ ರಾಜ್ಯವನ್ನು ಮೊದಲು ಬರೆದುಕೊಂಡದ್ದು 1850ರ ಗಣತಿ. ಗೊತ್ತಿರುವ ಅಜ್ಜ ಅಜ್ಜಿಯರಿಂದ ಹತ್ತು ಹತ್ತು ವರ್ಷ ಹಿಂದೆ ಸರಿಯುತ್ತ 1850ಕ್ಕೆ ಬನ್ನಿ. ನಡುವೆ 1890ರಲ್ಲಿ ಒಂದು ಕಂದಕವಿದೆ. 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆಯ ಕಟ್ಟಡಕ್ಕೆ ಬೆಂಕಿ ಬಿದ್ದು 1890ರ ಗಣತಿಯ ಹಾಳೆಗಳು ಹಾಳಾದವು. ಈಗ ಉಳಿದಿರುವುದು ಚೂರುಪಾರು ಮಾತ್ರ. ಹಾಗಾಗಿ 1900ರಿಂದ ನೇರವಾಗಿ 1880ಕ್ಕೆ ಜಿಗಿಯಬೇಕು. ಹಾಳೆಗಳ ಚಿತ್ರಗಳು ‘ಫ್ಯಾಮಿಲಿಸರ್ಚ್’ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಖಾತೆ ತೆರೆದರೆ ಸಾಕು.

ಮನೆಯ ಯಜಮಾನನಿಗೆ ಇವರು ಏನಾಗಬೇಕು ಎಂಬ ಕಾಲಂ ಬಂದದ್ದೇ 1880ರಲ್ಲಿ. 1850ರ ಹಾಳೆಯಲ್ಲಿ ಗಂಡಸಿನ ಕೆಳಗೆ ಬರೆದ ಹೆಂಗಸು ಎರಡನೆಯ ಹೆಂಡತಿ ಇರಬಹುದು, ತಂಗಿಯೂ ಇರಬಹುದು. ಹಿರಿಯ ಮಗುವಿಗೂ ಅವಳಿಗೂ ವಯಸ್ಸಿನ ಅಂತರ 15 ವರ್ಷಕ್ಕಿಂತ ಕಡಿಮೆ ಇದ್ದರೆ ತಾಯಿ ಎಂದು ಬರೆಯಲೇಬೇಡಿ.

ಎರಡನೆಯ ಹೆಜ್ಜೆ: ಕಾಲಂಗಳ ಪಟ್ಟಿ ಮಾಡಿಕೊಳ್ಳಿ

ಒಂದು ದೊಡ್ಡ ಹಾಳೆಯ ಎಡಕ್ಕೆ ಮನೆಯವರು, ಮೇಲೆ ಗಣತಿಯ ವರ್ಷಗಳು. 1850ರಲ್ಲಿ 34 ವರ್ಷದವನಾಗಿದ್ದವನು 1840ರಲ್ಲಿ 20ರಿಂದ 30ರ ಕಾಲಂನಲ್ಲಿ, 1830ರಲ್ಲಿ 10ರಿಂದ 15ರಲ್ಲಿ, 1820ರಲ್ಲಿ ಹತ್ತರೊಳಗಿನವರಲ್ಲಿ ಇರಬೇಕು. 1830ರಲ್ಲಿ ಅವನು ಹುಡುಗ. ಹುಡುಕಬೇಕಾದ್ದು ಅವನ ಹೆಸರನ್ನಲ್ಲ, ತಂದೆಯ ಅಥವಾ ವಿಧವೆ ತಾಯಿಯ ಮನೆಯನ್ನು.

ಕಾಲಂಗಳು ಎಲ್ಲ ವರ್ಷವೂ ಒಂದೇ ಅಲ್ಲ. 1790ರಲ್ಲಿ ಬಿಳಿಯ ಗಂಡಸರನ್ನು 16ರ ಮೇಲೆ, 16ರ ಕೆಳಗೆ ಎಂದು ಎರಡೇ ಪಾಲು ಮಾಡಿದ್ದರು. ಹೆಂಗಸರಿಗೆ ವಯಸ್ಸೇ ಇಲ್ಲ. 1800 ಮತ್ತು 1810ರಲ್ಲಿ ಹತ್ತರೊಳಗೆ, 10ರಿಂದ 16, 16ರಿಂದ 26, 26ರಿಂದ 45, 45ರ ಮೇಲೆ. 1830 ಮತ್ತು 1840ರಲ್ಲಿ 20 ವರ್ಷದವರೆಗೆ ಐದೈದು, ಆಮೇಲೆ ಹತ್ತತ್ತು ವರ್ಷದ ಕಾಲಂಗಳು.

ಹೊಸಬರು ಎಡವುವುದು 1820ರಲ್ಲಿ. ಆ ವರ್ಷ ಗಂಡಸರಿಗೆ 16ರಿಂದ 18ರ ಕಾಲಂ ಹೆಚ್ಚುವರಿಯಾಗಿ ಸೇರಿತು. ಆದರೆ ಅದೇ ಹುಡುಗರನ್ನು ಪಕ್ಕದ 16ರಿಂದ 26ರ ಕಾಲಂನಲ್ಲೂ ಎಣಿಸಿದ್ದಾರೆ. ಎಲ್ಲ ಕೂಡಿಸಿದರೆ ಇಲ್ಲದ ಮಗನೊಬ್ಬ ಹುಟ್ಟಿಕೊಳ್ಳುತ್ತಾನೆ. ಮನೆಯ ಒಟ್ಟು ಲೆಕ್ಕಕ್ಕೆ 16ರಿಂದ 18ರ ಕಾಲಂ ಬಿಟ್ಟುಬಿಡಿ. ವಯಸ್ಸು ತಿಳಿಯಲು ಮಾತ್ರ ಬಳಸಿ.

ಈ ಪಟ್ಟಿಯ ಬೆಲೆ ಗೊತ್ತಾಗುವುದು ಹೆಸರೇ ಇಲ್ಲದ ತಾಯಂದಿರ ವಿಷಯದಲ್ಲಿ. 1820ರಲ್ಲಿ 26ರಿಂದ 45ರ ಕಾಲಂನಲ್ಲಿರುವ ಹೆಂಗಸು 1775ರಿಂದ 1794ರ ನಡುವೆ ಹುಟ್ಟಿದವಳು. ಅದೇ ಮನೆಯಲ್ಲಿ 1830ರಲ್ಲಿ ಅವಳು 40ರಿಂದ 50ರಲ್ಲಿ ಕಂಡರೆ 1780ರಿಂದ 1790. 1810ರಲ್ಲಿ 16ರಿಂದ 26ರಲ್ಲಿದ್ದರೆ 1784ರಿಂದ 1794. ಮೂರಕ್ಕೂ ಒಪ್ಪುವುದು 1784ರಿಂದ 1790 ಮಾತ್ರ. ಹತ್ತೊಂಬತ್ತು ವರ್ಷಗಳ ಅನುಮಾನ ಆರು ವರ್ಷಕ್ಕೆ ಇಳಿಯಿತು. ಇನ್ನು ಸಮಾಧಿ ಕಲ್ಲು, ಚರ್ಚಿನ ದಾಖಲೆ ಹುಡುಕಲು ಧೈರ್ಯ ಬರುತ್ತದೆ. ಅದಕ್ಕೂ ಮುಂಚೆ, ಮೂರೂ ಗಣತಿಯಲ್ಲಿ ಇರುವವಳು ಒಬ್ಬಳೇ ಹೌದೋ ಎಂದು ಮಕ್ಕಳ ಕಾಲಂಗಳಿಂದ ಪರೀಕ್ಷಿಸಿ. ಇದ್ದಕ್ಕಿದ್ದಂತೆ ಹತ್ತು ವರ್ಷ ಕಿರಿಯಳಾದರೆ ಅವಳು ಬೇರೆ ಹೆಂಡತಿ ಇರಬಹುದು.

ಒಂದೆರಡು ಅಂಕಿ ಹೊಂದದಿದ್ದರೆ ಮನೆಯನ್ನು ತಳ್ಳಿಹಾಕಬೇಡಿ. ಆಳು, ಬಾಡಿಗೆಗಿದ್ದವರು, ಅನಾಥ ಸೋದರಳಿಯ ಎಲ್ಲರೂ ಅದೇ ಸಾಲಿನಲ್ಲಿ ಸೇರಿರುತ್ತಾರೆ. ಗಣತಿದಾರ ತಿಂಗಳುಗಟ್ಟಲೆ ತಡವಾಗಿ ಬಂದರೂ ನಿಗದಿತ ದಿನದ ಲೆಕ್ಕವನ್ನೇ ಬರೆಯಬೇಕಿತ್ತು. 1830, 1840 ಮತ್ತು 1850ರಲ್ಲಿ ಆ ದಿನ ಜೂನ್ 1. ಜುಲೈನಲ್ಲಿ ಸತ್ತವನು ಇರುತ್ತಾನೆ, ಜುಲೈನಲ್ಲಿ ಹುಟ್ಟಿದ ಮಗು ಇರುವುದಿಲ್ಲ. ಈ ನಿಯಮವನ್ನು ಎಲ್ಲರೂ ಪಾಲಿಸಲಿಲ್ಲ ಎಂಬುದೂ ನೆನಪಿರಲಿ.

ಮೂರನೆಯ ಹೆಜ್ಜೆ: ಸೂಚಿ ಬಿಟ್ಟು ಹಾಳೆ ಓದಿ

ಸೂಚಿಯಲ್ಲಿ, ಅಂದರೆ ಹಾಳೆಗಳನ್ನು ಓದಿ ಮಾಡಿಟ್ಟ ಹೆಸರುಗಳ ಪಟ್ಟಿಯಲ್ಲಿ, ಹೆಸರಿಲ್ಲ ಎಂದ ಮಾತ್ರಕ್ಕೆ ಹಾಳೆಯಲ್ಲಿ ಇಲ್ಲವೆಂದಲ್ಲ. ಹಳೆಯ ಬರವಣಿಗೆಯಲ್ಲಿ ಜೋಡಿ ‘ಎಸ್’ನ ಮೊದಲ ಅಕ್ಷರ ಉದ್ದವಾಗಿ ‘ಎಫ್’ನಂತೆ ಕಾಣುತ್ತದೆ. ಜೆಸ್ಸಿ ಎಂಬವನು ಸೂಚಿಯಲ್ಲಿ ಜೆಫ್ಸಿ ಆಗಿರುತ್ತಾನೆ. ದೊಡ್ಡಕ್ಷರ ‘ಎಲ್’ ಮತ್ತು ‘ಎಸ್’, ‘ಟಿ’ ಮತ್ತು ‘ಎಫ್’ ಅದಲುಬದಲಾಗುತ್ತವೆ. ‘ಜೆ-ಎನ್-ಒ’ ಎಂದು ಚುಟುಕಾಗಿ ಬರೆದದ್ದು ಜಾನ್, ಜೊನಾಥನ್ ಅಲ್ಲ. ಹುಡುಕಾಟದಲ್ಲಿ ಮೊದಲಕ್ಷರ ಬದಲಿಸಿ ನೋಡಿ. ಸಿಗದಿದ್ದರೆ ಆ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಭಾಗದ) ಹಾಳೆಗಳನ್ನು ಒಂದೊಂದಾಗಿ ತಿರುವಿಹಾಕುವುದೇ ದಾರಿ.

ಸಿಕ್ಕ ಮೇಲೆ ಹಿಂದಿನ, ಮುಂದಿನ ಹತ್ತಿಪ್ಪತ್ತು ಮನೆಗಳನ್ನೂ ಬರೆದುಕೊಳ್ಳಿ. ಹೆಂಡತಿಯ ತವರು, ಅಣ್ಣತಮ್ಮಂದಿರು ಅಲ್ಲೇ ಪಕ್ಕದಲ್ಲಿ ಇರುವುದು ಸಾಮಾನ್ಯ. ಆದರೆ ಹಾಳೆಯ ಹೆಸರುಗಳೆಲ್ಲ ಅಕಾರಾದಿಯಾಗಿದ್ದರೆ ಗಣತಿದಾರ ಆಮೇಲೆ ನಕಲು ತೆಗೆದಿದ್ದಾನೆ ಎಂದರ್ಥ. ಅಲ್ಲಿ ನೆರೆಹೊರೆ ಹುಡುಕಿ ಪ್ರಯೋಜನವಿಲ್ಲ.

1830 ಮತ್ತು 1840ರಲ್ಲಿ ಒಂದು ಮನೆಯ ಸಾಲು ಎರಡು ಪುಟಗಳಿಗೆ ಹರಡಿದೆ. ಬಲಪುಟದಲ್ಲಿ ಯಜಮಾನನ ಹೆಸರಿಲ್ಲದ ಕಾರಣ ಅನೇಕರು ಅದನ್ನು ಇಳಿಸಿಕೊಳ್ಳುವುದೇ ಇಲ್ಲ. 1840ರ ಬಲಪುಟದಲ್ಲಿ ಪಿಂಚಣಿ ಪಡೆಯುತ್ತಿದ್ದ ಯೋಧರ ಹೆಸರು, ವಯಸ್ಸು ಇವೆ. ಮಗನ ಮನೆಯಲ್ಲಿದ್ದ ಮುದಿ ತಂದೆ ಹೆಸರು ಸಮೇತ ಸಿಗುವ ಜಾಗವದು. ಎಡಪುಟದಲ್ಲಿ ಎಷ್ಟನೆಯ ಸಾಲೆಂದು ಎಣಿಸಿಕೊಂಡು ಬಲಪುಟದ ಅದೇ ಸಾಲು ನೋಡಿ.

ಗುಲಾಮರಾಗಿದ್ದವರ ಕುಟುಂಬಗಳು

ಇಲ್ಲಿ ದಾರಿ ಕಠಿಣ, ಆದ್ದರಿಂದಲೇ ಸ್ವಯಂಸೇವಕರ ಸಮಯ ಇಲ್ಲಿಗೆ ಹೆಚ್ಚು ಬೇಕು. 1850 ಮತ್ತು 1860ರ ಗುಲಾಮರ ಪಟ್ಟಿಗಳಲ್ಲಿ ಮಾಲೀಕನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಮಾತ್ರ. ಮನುಷ್ಯರ ಹೆಸರು ಅಪರೂಪ. ಬಹುತೇಕರ ಹೆಸರು ಗಣತಿಯಲ್ಲಿ ಮೊದಲು ಬಂದದ್ದು 1870ರಲ್ಲಿ. 1870ರ ಮನೆಯಿಂದ ಶುರುಮಾಡಿ, ಬಿಡುಗಡೆಯಾದ ಗುಲಾಮರಿಗಾಗಿ 1865ರಲ್ಲಿ ಸ್ಥಾಪನೆಯಾದ ಫ್ರೀಡ್‌ಮೆನ್ಸ್ ಬ್ಯೂರೊ ಮತ್ತು ಫ್ರೀಡ್‌ಮನ್ಸ್ ಬ್ಯಾಂಕಿನ ದಾಖಲೆಗಳನ್ನು ನೋಡಿ. ಬ್ಯಾಂಕಿನ ಪುಸ್ತಕಗಳಲ್ಲಿ ಎಷ್ಟೋ ಕಡೆ ತಂದೆತಾಯಿ, ಒಡಹುಟ್ಟಿದವರ ಹೆಸರುಗಳಿವೆ. ಮಾಲೀಕ ಯಾರೆಂಬ ಸುಳಿವು ಸಿಕ್ಕ ಮೇಲೆ ಅವನ ಉಯಿಲು, ಆಸ್ತಿ ಪಟ್ಟಿ ಓದಿ. ಆಸ್ತಿಯ ಲೆಕ್ಕದಲ್ಲಿ ಮನುಷ್ಯರನ್ನು ಹೆಸರು ಹಿಡಿದು ಬರೆದಿರುತ್ತಾರೆ. ಅಡ್ಡಹೆಸರು ಒಂದೇ ಎಂದು ಮಾಲೀಕನನ್ನು ನಿರ್ಧರಿಸಬೇಡಿ. ಬಿಡುಗಡೆಯಾದವರು ಹಳೆಯ ಮಾಲೀಕನ ಹೆಸರನ್ನೋ ತಾವೇ ಆರಿಸಿಕೊಂಡ ಹೆಸರನ್ನೋ ಇಟ್ಟುಕೊಂಡಿರಬಹುದು.

ಹಾಳೆಯೇ ಇಲ್ಲದಿದ್ದರೆ

1790ರಲ್ಲಿ ವರ್ಜೀನಿಯಾ, ನ್ಯೂಜೆರ್ಸಿ, ಡೆಲವೇರ್, ಜಾರ್ಜಿಯಾ, ಕೆಂಟಕಿ, ಟೆನೆಸಿಯ ಮೂಲ ಪಟ್ಟಿಗಳು ಉಳಿದಿಲ್ಲ. ಅಲ್ಲಿ ಆ ಕಾಲದ ತೆರಿಗೆ ಪಟ್ಟಿಗಳನ್ನು ಹಿಡಿಯಿರಿ. ಕೌಂಟಿಗಳು ಒಡೆದು ಹೊಸ ಕೌಂಟಿಗಳಾದದ್ದರಿಂದ ಮನೆ ಅಲ್ಲೇ ಇದ್ದು ಕೌಂಟಿಯ ಹೆಸರು ಬದಲಾಗಿರಬಹುದು. ಆ ವರ್ಷದ ಗಡಿ ನಕ್ಷೆ ನೋಡದೆ ಕುಟುಂಬ ವಲಸೆ ಹೋಯಿತು ಎಂದು ಬರೆಯಬೇಡಿ.

ಕೇಳಿದವರಿಗೆ ಕೊಡುವ ವರದಿಯಲ್ಲಿ ವರ್ಷ, ರಾಜ್ಯ, ಕೌಂಟಿ, ಪುಟ, ಸಾಲು ಎಲ್ಲವೂ ಇರಲಿ. ಸಂದೇಹದ ಪುಟವನ್ನು ಇಬ್ಬರು ಬೇರೆ ಬೇರೆ ಓದಿ ಬರೆದು, ಮೂರನೆಯವರು ತಾಳೆ ನೋಡಲಿ. ಹಾಳೆಯಲ್ಲಿ ಇದ್ದದ್ದನ್ನು ಇದ್ದಂತೆ ಒಂದು ಕಡೆ, ನಿಮ್ಮ ಊಹೆಯನ್ನು ‘ಊಹೆ’ ಎಂದೇ ಹೆಸರಿಸಿ ಇನ್ನೊಂದು ಕಡೆ ಬರೆಯಿರಿ.