ಲ್ಯಾಪ್‌ಟಾಪಿನಲ್ಲಿ ನ್ಯೂಟ್ರಾನ್ ನಕ್ಷತ್ರದ ತೊಗಟೆ ತಣಿಸುವುದು ಹೇಗೆ

ರಾಯಚೂರಿನಲ್ಲಿ ಎಂ.ಎಸ್ಸಿ. ಹುಡುಗರಿಗೆ ಭೌತಶಾಸ್ತ್ರ ಪಾಠ ಮಾಡುತ್ತೇನೆ. "ಸರ್, ನ್ಯೂಟ್ರಾನ್ ನಕ್ಷತ್ರದ ಮೇಲೆ ಪ್ರಾಜೆಕ್ಟ್ ಕೊಡ್ರಿ" ಅಂತ ಬಂದವರಿಗೆ ಇದನ್ನೇ ಕೊಡುವುದು: ಆ ನಕ್ಷತ್ರದ ತೊಗಟೆಯಲ್ಲಿನ ನ್ಯೂಟ್ರಾನು, ಪ್ರೋಟಾನುಗಳನ್ನು ಕಂಪ್ಯೂಟರಿನೊಳಗೆ ತಣಿಸಿ, ಅವು ಹೇಗೆ ಜೋಡಿಸಿಕೊಳ್ಳುತ್ತವೆ ಅಂತ ನೋಡುವುದು. ಸಾಧಾರಣ ಲ್ಯಾಪ್‌ಟಾಪ್, ಕಣಗಳ ಚಲನೆ ಲೆಕ್ಕ ಹಾಕುವ, ಉಚಿತವಾಗಿ ಸಿಗುವ ಲ್ಯಾಂಪ್ಸ್ (LAMMPS) ಸಾಫ್ಟ್‌ವೇರ್ ಇದ್ದರೆ ಸಾಕು. ಪ್ರೋಟಾನು, ನ್ಯೂಟ್ರಾನುಗಳೊಳಗಿನ ಕ್ವಾರ್ಕುಗಳು ಬಿಡಿಯಾಗುವುದನ್ನು ನೋಡಬೇಕು ಅಂದ್ರೆ ಇದರಲ್ಲಿ ಆಗಲ್ಲ. ಅದು ಲ್ಯಾಟಿಸ್ ಕ್ಯೂಸಿಡಿಯ (ಕ್ವಾರ್ಕುಗಳ ಬಲವನ್ನು ಚೌಕಜಾಲದ ಮೇಲೆ ಲೆಕ್ಕ ಹಾಕುವ ವಿಧಾನದ) ಕೆಲಸ, ಸಾಂದ್ರತೆ ಏರಿದರೆ ಅಲ್ಲೂ ಸೈನ್ ಪ್ರಾಬ್ಲಮ್ (ಧನ, ಋಣ ಸಂಖ್ಯೆಗಳು ಒಂದನ್ನೊಂದು ಹೊಡೆದುಹಾಕಿ ಲೆಕ್ಕ ಕೈಕೊಡುವುದು) ಕಾಡುತ್ತದೆ.

ಬಾಕ್ಸಿಗೆ 4000 ಕಣ ಹಾಕಿ, ಅದರಲ್ಲಿ 1600 ಪ್ರೋಟಾನ್, ಉಳಿದದ್ದು ನ್ಯೂಟ್ರಾನ್. ಘನ ಫರ್ಮಿಗೆ (ಒಂದು ಫರ್ಮಿ 10⁻¹⁵ ಮೀಟರ್) 0.05 ಕಣ ಅಂದ್ರೆ ಬಾಕ್ಸಿನ ಬದಿ ಸುಮಾರು 43 ಫರ್ಮಿ. ಮಾಮೂಲಿ ನ್ಯೂಕ್ಲಿಯಸ್ಸಿನೊಳಗೆ ಇದು 0.16.

ಕಣಗಳ ನಡುವಿನ ಬಲಕ್ಕೆ ಭೌತಶಾಸ್ತ್ರಜ್ಞ ಹೊರೊವಿಟ್ಜ್ ಮತ್ತು ಸಂಗಡಿಗರು 2004ರಲ್ಲಿ ಬಳಸಿದ ಸೂತ್ರ ಹಿಡಿಯಿರಿ. ತಳ್ಳುವ ಗಾಸಿಯನ್ (ದೂರ ಹೆಚ್ಚಿದಂತೆ ಬೇಗ ಇಳಿಯುವ ಗೆರೆ) 110 ಎಂಇವಿ (ದಶಲಕ್ಷ ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಅಳತೆ), ಅದರಲ್ಲಿ ದೂರದ ವರ್ಗವನ್ನು 1.25ರಿಂದ ಭಾಗಿಸಬೇಕು. ಎಳೆಯುವ ಗಾಸಿಯನ್ನಿನಲ್ಲಿ 2.5ರಿಂದ. ಎಳೆತ ನ್ಯೂಟ್ರಾನ್-ಪ್ರೋಟಾನ್ ಜೋಡಿಗೆ ಮೈನಸ್ 50, ಒಂದೇ ಜಾತಿಯ ಜೋಡಿಗೆ ಬರೀ ಮೈನಸ್ 2. ಈ ಬಲವನ್ನು ಲ್ಯಾಂಪ್ಸಿಗೆ ಕೊಡುವ ಟೇಬಲ್ ಫೈಲ್ ಬರೆಯುವಾಗ ಇವೆರಡು ಅದಲುಬದಲಾದರೆ ನ್ಯೂಟ್ರಾನುಗಳು ತಾವೇ ಗುಂಪು ಕಟ್ಟಿಕೊಳ್ಳುತ್ತವೆ. ಲ್ಯಾಂಪ್ಸ್ ಮಾತ್ರ ಏನೂ ದೂರು ಹೇಳಲ್ಲ! ಪ್ರೋಟಾನುಗಳ ನಡುವೆ ಕೂಲಂಬ್ ಬಲವೂ (ವಿದ್ಯುದಾವೇಶಗಳ ತಳ್ಳಾಟ) ಸೇರಬೇಕು. ಎಲೆಕ್ಟ್ರಾನುಗಳ ಮರೆ ಇರುವುದರಿಂದ ಅದು 10 ಫರ್ಮಿ ಅಳತೆಯಲ್ಲಿ ಕುಗ್ಗುತ್ತದೆ. 20 ಫರ್ಮಿಗೆ ಕತ್ತರಿಸಿ, ಅದರಾಚೆ ಲೆಕ್ಕ ಬೇಡ.

ಯೂನಿಟ್ಸ್ ಎಲ್‌ಜೆ ಅಂತ ಕೊಡಿ, ಆಗ ಅಳತೆಗಳನ್ನು ನಾವೇ ಆರಿಸಿಕೊಳ್ಳಬಹುದು. ದ್ರವ್ಯರಾಶಿ ಶಕ್ತಿಯ ಲೆಕ್ಕದಲ್ಲಿ 939 ಎಂಇವಿ, ಉದ್ದ ಫರ್ಮಿಯಲ್ಲಿ, ಉಷ್ಣತೆ ನೇರವಾಗಿ ಎಂಇವಿಯಲ್ಲಿ. ಟೈಮ್‌ಸ್ಟೆಪ್ 2, ಅಂದ್ರೆ ಬೆಳಕು 2 ಫರ್ಮಿ ಸಾಗುವಷ್ಟು ಹೊತ್ತು. ಥರ್ಮೋಸ್ಟಾಟ್ (ಉಷ್ಣತೆ ಹಿಡಿದಿಡುವ ಆಜ್ಞೆ) ತೆಗೆದು ಒಮ್ಮೆ ಓಡಿಸಿ. ಒಟ್ಟು ಶಕ್ತಿ ನಿಂತಲ್ಲೇ ನಿಲ್ಲದಿದ್ದರೆ ಮುಂದೆ ಹೋಗಬೇಡಿ.

ಈಗ ಥರ್ಮೋಸ್ಟಾಟ್ ಮತ್ತೆ ಹಾಕಿ, ಉಷ್ಣತೆಯನ್ನು 2 ಎಂಇವಿಯಿಂದ 0.5ಕ್ಕೆ ಇಳಿಸಿ. ಒಂದು ಎಂಇವಿ ಅಂದ್ರೆ ಸುಮಾರು 1160 ಕೋಟಿ ಕೆಲ್ವಿನ್, ನಮ್ಮ ಮೇ ತಿಂಗಳನ್ನು ಬೈಯುವವರಿಗೆ ಸಮಾಧಾನವಾಗಲಿ. ಸಣ್ಣ ಸಣ್ಣ ಹೆಜ್ಜೆಯಲ್ಲಿ ಇಳಿಸಿ, ಪ್ರತಿ ಹೆಜ್ಜೆಯ ಮೊದಲರ್ಧದ ಲೆಕ್ಕ ಬಿಟ್ಟುಬಿಡಿ. ರೀಸ್ಟಾರ್ಟ್ ಫೈಲ್ ಆಗಾಗ ಬರೆಸುತ್ತಿರಿ, ಕರೆಂಟ್ ಹೇಳಿ ಕೇಳಿ ಹೋಗಲ್ಲ.

ತಣಿದಂತೆ, ಕಣಗಳ ಚಿತ್ರ ತೋರಿಸುವ ಒವಿಟೋ ಸಾಫ್ಟ್‌ವೇರಿನಲ್ಲಿ ಕಣಗಳು ಹಾಳೆ ಹಾಳೆಯಾಗಿ ಕೂರುವುದು ಕಾಣುತ್ತದೆ, ಅಡಕಿಟ್ಟ ಖಡಕ್ ರೊಟ್ಟಿ ಥರ. ಇದನ್ನು ಲಸಾನ್ಯಾ (ಹಾಳೆಯಂಥ ಪಾಸ್ತಾದ ಹೆಸರು) ಅನ್ನುತ್ತಾರೆ. ಸಾಂದ್ರತೆ ಕಡಿಮೆ ಮಾಡಿದರೆ ಸರಳು, ಇನ್ನೂ ಕಡಿಮೆ ಮಾಡಿದರೆ ಉಂಡೆ. ಹುಡುಗರು ಇಲ್ಲಿಗೇ ಚಿತ್ರ ತೆಗೆದು ರಿಪೋರ್ಟ್ ಬರೆಯಲು ಕೂರುತ್ತಾರೆ. ನಾನು ಸಹಿ ಹಾಕಲ್ಲ. ಚಿತ್ರದಿಂದ ಸ್ಥಿತಿ ಬದಲಾಯಿತು ಅಂತ ಸಾಬೀತಾಗಲ್ಲ, ಅಲ್ವಾ? ಅದೇ ಹೆಜ್ಜೆಗಳಲ್ಲಿ ವಾಪಸ್ ಕಾಯಿಸಿ. ಇಳಿಯುವಾಗಿನ, ಏರುವಾಗಿನ ಶಕ್ತಿಯ ಗೆರೆಗಳನ್ನು ಒಂದರ ಮೇಲೊಂದು ಎಳೆಯಿರಿ. ನಡುವೆ ಸಂದು ಬಿಟ್ಟರೆ ಇನ್ನೂ ನಿಧಾನಕ್ಕೆ ಓಡಿಸಿ. ಆಮೇಲೂ ಸಂದು ಉಳಿದರೆ ಮೊದಲ ದರ್ಜೆಯ ಪರಿವರ್ತನೆ (ನೀರು ಹೆಪ್ಪುಗಟ್ಟುವಂತೆ ಒಮ್ಮೆಲೇ ಆಗುವ ಬದಲಾವಣೆ) ಅಂತ ಅನುಮಾನಿಸಬಹುದು. ಶಕ್ತಿಯ ಏರಿಳಿತದಿಂದ ಉಷ್ಣಧಾರಣೆ ಲೆಕ್ಕ ಹಾಕಿ, ಶಿಖರ ಎಲ್ಲಿದೆ ನೋಡಿ.

ಕೊನೆಗೆ 8000 ಕಣ, ಸುಮಾರು 54 ಫರ್ಮಿ ಬದಿಯ ಬಾಕ್ಸಿನಲ್ಲಿ ಎಲ್ಲವನ್ನೂ ಮತ್ತೆ ಓಡಿಸಿ. ಶಿಖರ ಚೂಪಾದರೆ ಒಳ್ಳೆಯ ಲಕ್ಷಣ. ಹಾಳೆಗಳ ನಡುವಿನ ಅಂತರವೇ ಬದಲಾದರೆ, ಮೊದಲು ಕಂಡ ಅಂತರ ಬಾಕ್ಸ್ ಹೇರಿದ್ದು ಅಂತ ತಿಳಿಯಿರಿ.