ಗಣಿತದ ಸರ್, ಸ್ಯಾಕ್ಸೊಫೋನಿನ ಸರ್: ನುಡಿನಮನಕ್ಕೆ ಮೊದಲಿನ ತಯಾರಿ

ಗಣಿತ ಕಲಿಸುತ್ತ ಸ್ಯಾಕ್ಸೊಫೋನನ್ನೂ ನುಡಿಸುತ್ತಿದ್ದ ಮಾಸ್ತರರು ತೀರಿಕೊಂಡು, ಅವರ ನುಡಿನಮನದ ದಿನ ಗೊತ್ತಾಯಿತೆಂದರೆ ಎಲ್ಲರೂ ಹಾಲ್ ಮತ್ತು ಬ್ಯಾನರಿನ ಹಿಂದೆ ಬೀಳುತ್ತಾರೆ. ಮೊದಲು ಹುಡುಕಬೇಕಾದದ್ದು ಕ್ಯಾಸೆಟ್. ಹವ್ಯಾಸಕ್ಕೆ ಜಾಝ್ ನುಡಿಸಿದವರ ಧ್ವನಿಮುದ್ರಿಕೆ ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಮನೆಯ ಟ್ರಂಕಿನಲ್ಲಿ ಒಂದೇ ಪ್ರತಿ ಇರುತ್ತದೆ.

ಕ್ಯಾಸೆಟ್ಟಿನ ಕಿಟಕಿಯಲ್ಲಿ ಟೇಪಿನ ಅಂಚು ನೋಡಿ. ಧಾರವಾಡದ ಮಳೆಗಾಲದ ಥಂಡಿಗೆ ಬಿಳಿ ಬೂಷ್ಟು ಹಿಡಿದಿದ್ದರೆ ಪ್ಲೇಯರಿಗೆ ಹಾಕಬೇಡಿ, ಟೇಪ್ ಓದುವ ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಅದನ್ನು ಬೇರೆ ಇಟ್ಟು ತಿಳಿದವರ ಕೈಗೆ ಕೊಡಿ. ಚೊಕ್ಕ ಇದ್ದದ್ದನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸುತ್ತಿ. ಧ್ವನಿ ಕಂಬಳಿ ಹೊದ್ದಂತೆ ಕೇಳಿದರೆ ಟೇಪ್ ಕೆಟ್ಟಿದೆ ಎಂದುಕೊಳ್ಳಬೇಡಿ. ಟೇಪನ್ನು ಹೆಡ್ಡಿಗೆ ಒತ್ತುವ ಚಿಕ್ಕ ಫೆಲ್ಟ್ ತುಂಡು ಉದುರಿರಬಹುದು. ಸ್ಕ್ರೂ ಇರುವ ಬೇರೆ ಕ್ಯಾಸೆಟ್ಟಿನ ಕವಚಕ್ಕೆ ಸುರುಳಿ ಬದಲಿಸಿದರೆ ಸರಿಹೋಗುತ್ತದೆ. ಕಂಪ್ಯೂಟರಿಗೆ ಇಳಿಸಿಕೊಳ್ಳಲು ಪ್ಲೇಯರನ್ನು ಅದರ ಲೈನ್-ಇನ್‌ಗೇ ಜೋಡಿಸಿ. ಮೈಕಿನ ತೂತಿಗೆ ಕೊಟ್ಟರೆ ಸ್ಯಾಕ್ಸೊಫೋನಿನ ಜೋರು ಸ್ವರ ಒಡೆಯುತ್ತದೆ. ರೆಕಾರ್ಡಿಂಗ್ ಮೀಟರಿನಲ್ಲಿ ಅತಿ ಜೋರಿನ ಜಾಗ −6 ಡೆಸಿಬಲ್ ದಾಟದಿರಲಿ. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೊ ವೇವ್ ಫೈಲ್ ಆಗಿ ಉಳಿಸಿ: 60 ನಿಮಿಷಕ್ಕೆ ಸುಮಾರು 1 ಜಿಬಿ.

ಇನ್ನು ವೇಗ. ವೇಗ ಹೆಚ್ಚಾಗಿದ್ದ ಯಂತ್ರದಲ್ಲಿ ಧ್ವನಿ ಮುದ್ರಿಸಿದ್ದರೆ ಈಗ ಶ್ರುತಿ ಇಳಿದು ಕೇಳುತ್ತದೆ. ನುಡಿಸದೆ ಸುಮ್ಮನಿದ್ದ ಜಾಗದ ಗುಂಯ್‌ ಶಬ್ದವನ್ನು ಅಳೆಯಿರಿ, ಅದು ವಿದ್ಯುತ್ತಿನ 50 ಹರ್ಟ್ಸ್. 47.2 ಬಂದರೆ ಸ್ವರ ಹಾರ್ಮೋನಿಯಂನ ಒಂದು ಮನೆ ಕೆಳಗಿಳಿದಿದೆ, ಏಕೆಂದರೆ 50ನ್ನು 47.2ರಿಂದ ಭಾಗಿಸಿದರೆ 1.059, ಅಂದರೆ 2ರ ಹನ್ನೆರಡನೇ ಮೂಲ. (ಸರ್ ಇದ್ದಿದ್ದರೆ ಇದೇ ಒಂದು ಪಿರಿಯಡ್ ಆಗುತ್ತಿತ್ತು.) ಆಗ ವೇಗವನ್ನು ಶೇ. 5.9 ಏರಿಸಿ, ಶ್ರುತಿಯನ್ನಷ್ಟೇ ಏರಿಸಿದರೆ ಲಯ ಎಳೆದಂತೆಯೇ ಉಳಿಯುತ್ತದೆ. 48.5ರಿಂದ 50ರೊಳಗೆ ಬಂದರೆ ಮುಟ್ಟಬೇಡಿ, ಹಿಂದೆ ಕರೆಂಟಿನ ಹರ್ಟ್ಸೇ ಅಷ್ಟು ಇಳಿಯುತ್ತಿತ್ತು. ಪ್ಲೇಯರಿನ ಪಾಜ್ ಒತ್ತಿದರೂ ಗುಂಯ್‌ ನಿಲ್ಲದಿದ್ದರೆ ಅದು ನಿಮ್ಮ ಯಂತ್ರದ್ದೇ, ಲೆಕ್ಕಕ್ಕಿಲ್ಲ.

ಸ್ಮರಣ ಸಂಚಿಕೆಗೆಂದು ವಿದ್ಯಾರ್ಥಿಗಳಿಗೆ "ಸರ್ ಬಗ್ಗೆ ಬರೆದುಕೊಡಿ" ಎಂದರೆ "ಭಾಳ ಚಲೋ ಮಾಸ್ತರು, ಭಾಳ ಶಿಸ್ತು" ಎಂಬ ಸಾಲೇ ನಲವತ್ತು ಸಲ ಬರುತ್ತದೆ. ಹೀಗೆ ಕೇಳಿ: ಬೋರ್ಡನ್ನು ಯಾವ ಮೂಲೆಯಿಂದ ಸುರು ಮಾಡತಿದ್ರು? ತಪ್ಪು ಉತ್ತರ ಬಂದ್ರ ಏನಂತಿದ್ರು? ಬೆಂಚಿನ ಮ್ಯಾಲೆ ತಾಳ ಹಾಕತಿದ್ರೇನು? √2 ಅಭಾಗಲಬ್ಧ ಎಂಬುದರ ಸಾಧನೆಯನ್ನು ಅವರು ಕಲಿಸಿದಂತೆಯೇ ಒಬ್ಬರ ಕೈಲಿ ಬರೆಸಿ, ಆ ಕೈಬರಹವನ್ನೇ ಸ್ಕ್ಯಾನ್ ಮಾಡಿ ಅಚ್ಚು ಹಾಕಿಸಿ. ಮತ್ತೆ ಟೈಪ್ ಮಾಡಿಸಲು ಹೋಗಬೇಡಿ. ಫಾಂಟ್ ಬದಲಾಗುವಾಗ 10² ಇದ್ದದ್ದು 102 ಆಗುತ್ತದೆ, ಗಣಿತದವರ ಸ್ಮರಣ ಸಂಚಿಕೆಯಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಸ್ಯಾಕ್ಸೊಫೋನ್ ಎಲ್ಲಿ ಕಲಿತರೆಂದು ಬ್ಯಾಂಡ್ ಕಂಪನಿಯ ಹಿರಿಯರನ್ನೂ ವಿಚಾರಿಸಿ.

ಜನ್ಮದಿನ ಜೂನ್ 1 ಎಂದಿದ್ದರೆ ನಂಬುವ ಮುಂಚೆ ಮನೆಯವರನ್ನು ಕೇಳಿ. ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದುಕೊಂಡ ತಾರೀಖು ಅದಾಗಿರಬಹುದು. ಜಾತಕವಿದ್ದರೆ ಅಲ್ಲಿ ಬೇರೆ ಇರಬಹುದು.

ಸಂಚಿಕೆಯ ಪುಟಗಳು 4ರ ಗುಣಕದಲ್ಲಿರಲಿ, ಇಲ್ಲದಿದ್ದರೆ ಕೊನೆಗೆ ಖಾಲಿ ಪುಟ ಉಳಿಯುತ್ತವೆ. ಫೋಟೊಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ. ಹುಬ್ಬಳ್ಳಿಯ ದರದ ಜೊತೆ ಗದಗಿನದನ್ನೂ ಕೇಳಿ, ಮುದ್ರಣ ಕಾಶಿ ಅನ್ನಿಸಿಕೊಂಡ ಊರು ಅದು.

ವೇದಿಕೆಯಲ್ಲಿ ಬ್ಲೂಸ್ ನುಡಿಸಲು ಶಿಷ್ಯರೊಬ್ಬರು ಸಿಕ್ಕು, ಡ್ರಮ್ಸ್‌ನವರು ಸಿಗದಿದ್ದರೆ ತಬಲಾದವರನ್ನೇ ಕರೆಯಿರಿ. ಬ್ಲೂಸಿನ ಒಂದು ಸುತ್ತು 12 ಬಾರ್ (ಲಯದ ಸಮ ತುಂಡು), ಒಂದು ಬಾರ್‌ಗೆ 4 ಎಣಿಕೆ, ಒಟ್ಟು 48: 16 ಮಾತ್ರೆಯ ತೀನ್ ತಾಲದ ಸರಿಯಾಗಿ ಮೂರು ಆವರ್ತನ. ಸಮ್, ಅಂದರೆ ಆವರ್ತನದ ಮೊದಲ ಮಾತ್ರೆ, 1, 5, 9ನೇ ಬಾರ್‌ನ ಮೊದಲಿಗೆ ಬೀಳುತ್ತದೆ, ಬ್ಲೂಸಿನ ಮೂರು ಸಾಲು ಸುರುವಾಗುವುದೂ ಅಲ್ಲೇ. ನಿಮಿಷಕ್ಕೆ 120 ಎಣಿಕೆಯಾದರೆ ಒಂದು ಸುತ್ತಿಗೆ 24 ಸೆಕೆಂಡು, ಹತ್ತು ಸುತ್ತಿಗೆ 4 ನಿಮಿಷ. ತಬಲಾದವರು ಸಮ್ ಮೇಲೆ ಭಾರ ಹಾಕುತ್ತಾರೆ, ಜಾಝ್‌ಗೆ ಆ ಭಾರ ಬೇಕಾದದ್ದು ಬಾರ್‌ನ 2 ಮತ್ತು 4ನೇ ಎಣಿಕೆಯ ಮೇಲೆ. ಇದೊಂದಕ್ಕೆ ಎರಡು ರಿಹರ್ಸಲ್ ಬೇಕು. ತಂಬೂರಿ ಬೇಡ. 9ನೇ ಬಾರ್‌ನಲ್ಲಿ ಆಧಾರ ಪಂಚಮಕ್ಕೆ ಸರಿದಾಗ ತಂಬೂರಿಯ ಷಡ್ಜ ಜಗಳಕ್ಕೆ ನಿಲ್ಲುತ್ತದೆ.

ಸರ್ ಅವರದೇ ಕ್ಯಾಸೆಟ್ಟನ್ನು ಭಾಷಣಗಳಿಗಿಂತ ಮೊದಲೇ ಕೇಳಿಸಿ. ಕೊನೆಗಿಟ್ಟರೆ ಅವಲಕ್ಕಿ-ಚಹಾದ ತಟ್ಟೆಗಳ ಸಪ್ಪಳದಲ್ಲಿ ಯಾರಿಗೂ ಕೇಳಿಸುವುದಿಲ್ಲ.