ಬಾರ್ಸಿಲೋನಾ ಇಪಿಟಿ ಮೇನ್ ಇವೆಂಟ್: 25 ಬಿಗ್ ಬ್ಲೈಂಡ್‌ಗಿಂತ ಕೆಳಗೆ ನಾನು ಆಡುವ ಲೆಕ್ಕ

ಯುರೋಪಿಯನ್ ಪೋಕರ್ ಟೂರ್ 2004ರಲ್ಲಿ ಶುರುವಾದದ್ದೇ ಬಾರ್ಸಿಲೋನಾದಲ್ಲಿ. 2022ರಲ್ಲಿ ಇಲ್ಲಿನ ಮೇನ್ ಇವೆಂಟ್‌ಗೆ 2,294 ಎಂಟ್ರಿ ಬಿದ್ದಿದ್ದವು. ಪ್ರವೇಶ 5,300 ಯೂರೊ, ಎದುರಿಗೆ ಸಿಗುವುದು 30,000 ಚಿಪ್. ಮೊದಲ ಕೆಲವು ಲೆವೆಲ್‌ಗಳಲ್ಲಿ ಚಿಪ್ ಧಾರಾಳವಾಗಿರುತ್ತದೆ, ಯಾರು ಬೇಕಾದರೂ ತಾಳ್ಮೆಯಿಂದ ಆಡಬಹುದು. ನನ್ನ ತಯಾರಿಯ ಮುಕ್ಕಾಲು ಪಾಲು ಆಮೇಲಿನ ಘಟ್ಟಕ್ಕೆ, ಅಂದರೆ 10ರಿಂದ 25 ಬಿಗ್ ಬ್ಲೈಂಡ್ ಉಳಿದಿರುವ ಹೊತ್ತಿಗೆ. ಬ್ಲೈಂಡ್ ಅಂದರೆ ಎಲೆ ನೋಡುವ ಮೊದಲೇ ಇಬ್ಬರು ಕಟ್ಟಲೇಬೇಕಾದ ಪಣ. ಚಿಕ್ಕದು ಸ್ಮಾಲ್ ಬ್ಲೈಂಡ್, ದೊಡ್ಡದು ಬಿಗ್ ಬ್ಲೈಂಡ್, ಚಿಪ್ ಅಳೆಯುವುದೂ ಈ ದೊಡ್ಡದರಲ್ಲೇ.

ಮೊದಲು ಸುಮ್ಮನೆ ಕೂತರೆ ಎಷ್ಟು ಖರ್ಚು ಅಂತ ನೋಡಿ. ಬ್ಲೈಂಡ್ 500/1,000 ಇದೆ. ಇಲ್ಲಿ ಆ್ಯಂಟಿಯನ್ನು (ಪ್ರತಿ ಕೈಗೂ, ಅಂದರೆ ಪ್ರತಿ ಆಟಕ್ಕೂ, ಕಟ್ಟುವ ಇನ್ನೊಂದು ಪಣ) ಬಿಗ್ ಬ್ಲೈಂಡ್‌ನಲ್ಲಿ ಕೂತವರೇ ಇಡೀ ಟೇಬಲ್ ಪರವಾಗಿ ಕಟ್ಟಬೇಕು, ಅದು ಇನ್ನೊಂದು 1,000. ಒಂದು ಸುತ್ತಿಗೆ 2,500 ಹೋಯಿತು. ಎಂಟು ಜನರ ಟೇಬಲ್‌ನಲ್ಲಿ ಗಂಟೆಗೆ 28 ಕೈ ಅಂತ ಹಿಡಿದರೆ ಮೂರೂವರೆ ಸುತ್ತು, 8,750 ಚಿಪ್. 25,000 ಇಟ್ಟುಕೊಂಡು ಒಂದು ಗಂಟೆ ಎಲೆ ಎಸೆಯುತ್ತಾ ಕೂತವನ ಹತ್ತಿರ 16,250 ಉಳಿಯುತ್ತದೆ. ಅಷ್ಟರಲ್ಲಿ ಬ್ಲೈಂಡ್ 600/1,200ಕ್ಕೆ ಏರಿದರೆ, 25 ಬಿಗ್ ಬ್ಲೈಂಡ್ ಇದ್ದದ್ದು ಹದಿಮೂರೂವರೆಗೆ ಇಳಿಯಿತು. ಒಂದು ಕೈಯನ್ನೂ ಸೋತಿಲ್ಲ! ‘ಒಳ್ಳೆ ಎಲೆ ಬರಲಿ, ಆಮೇಲೆ ನೋಡೋಣ’ ಅನ್ನುವ ರಮ್ಮಿ ಬುದ್ಧಿ ಇಲ್ಲಿ ನಡೆಯುವುದಿಲ್ಲ.

ಹಾಗಂತ ಕಂಡಕಂಡದ್ದಕ್ಕೆ ಆಲ್-ಇನ್ (ಇರುವ ಚಿಪ್ಪೆಲ್ಲ ಒಟ್ಟಿಗೆ ತಳ್ಳುವುದು) ಹೋಗುವುದೂ ಅಲ್ಲ. ಮಧ್ಯದಲ್ಲಿ ಬಿದ್ದಿರುವುದು ಎರಡೂವರೆ ಬಿಗ್ ಬ್ಲೈಂಡ್. ಅದಕ್ಕಾಗಿ 10 ಬಿಗ್ ಬ್ಲೈಂಡ್ ತಳ್ಳಿದರೆ, ಎಲೆಗೆ ಏನೇನೂ ಬೆಲೆಯಿಲ್ಲ ಅಂತಿಟ್ಟುಕೊಂಡಾಗ ನೂರಕ್ಕೆ 80 ಸಲ ಎಲ್ಲರೂ ಎಲೆ ಎಸೆಯಬೇಕು. ಅದೇ ಬಿಗ್ ಬ್ಲೈಂಡ್‌ನ 2.2 ಪಟ್ಟಿಗೆ ರೇಸ್ ಮಾಡಿದರೆ (ಪಣ ಏರಿಸಿದರೆ) 47 ಸಲ ಸಾಕು. ಅದಕ್ಕೇ 15ರ ಮೇಲಿದ್ದಾಗ ನಾನು 2.1 ಅಥವಾ 2.2ಕ್ಕೆ ರೇಸ್ ಮಾಡುತ್ತೇನೆ, ಎದುರಿನವರು ಆಲ್-ಇನ್ ಅಂದರೆ ಸಾಧಾರಣ ಎಲೆಯನ್ನು ಬೇಜಾರಿಲ್ಲದೆ ಬಿಡುತ್ತೇನೆ. 12ಕ್ಕಿಂತ ಕಡಿಮೆ ಇದ್ದರೆ ಆ ದಾರಿ ಮುಚ್ಚಿತು. ರೇಸ್ ಮಾಡಿ ಎಸೆದರೆ ಸ್ಟ್ಯಾಕ್‌ನ (ನಮ್ಮ ಬಳಿಯಿರುವ ಒಟ್ಟು ಚಿಪ್‌ನ) ಐದನೇ ಒಂದು ಭಾಗದಷ್ಟು ಹೋಗುತ್ತದೆ. ಅಲ್ಲಿ ಎರಡೇ ಆಯ್ಕೆ: ಪೂರ್ತಿ ತಳ್ಳು, ಇಲ್ಲವೇ ಬಿಡು.

18 ಬಿಗ್ ಬ್ಲೈಂಡ್ ಆಸುಪಾಸಿನಲ್ಲಿ ಇನ್ನೊಂದು ಅಸ್ತ್ರ ಇದೆ: ಬೇರೆಯವರ ರೇಸ್ ಮೇಲೆ ಆಲ್-ಇನ್. ಒಬ್ಬರು 2.2 ಹಾಕಿದ್ದಾರೆ, ಮಧ್ಯದಲ್ಲಿ 4.7 ಇದೆ. ಗತಿಗೆಟ್ಟ ಎಲೆಯಲ್ಲಿ 18 ತಳ್ಳಲು ಅವರು 79% ಸಲ ಬಿಡಬೇಕು. ಅದೇ ಎಲೆಗೆ, ಕಾಲ್ ಆದಾಗಲೂ (ಎದುರಿನವರು ಅಷ್ಟೇ ಪಣ ಕಟ್ಟಿ ಆಡಿದಾಗಲೂ) 35% ಗೆಲ್ಲುವ ಶಕ್ತಿ ಇದ್ದರೆ 49% ಸಾಕು. ಒಂದೇ ಜಾತಿಯ ಎಕ್ಕ-ಐದು ಇಲ್ಲಿ ಎಕ್ಕ-ಒಂಬತ್ತು ಬೇರೆ ಜಾತಿಗಿಂತ ನನಗೆ ಇಷ್ಟವಾಗುವುದು ಇದಕ್ಕೇ. ಕಾಲ್ ಮಾಡುವವರ ಕೈಯಲ್ಲಿ ಹೆಚ್ಚಾಗಿ ದೊಡ್ಡ ಎಕ್ಕ ಇರುತ್ತದೆ. ಆಗ ಒಂಬತ್ತು ಅಷ್ಟಾಗಿ ಕೈ ಹಿಡಿಯುವುದಿಲ್ಲ, ಫ್ಲಶ್ಶು (ಒಂದೇ ಜಾತಿಯ ಐದು ಎಲೆ), ಸ್ಟ್ರೈಟು (ಸಾಲಾಗಿ ಬರುವ ಐದು ಎಲೆ) ಹಿಡಿಯುತ್ತವೆ. ಬಿಗ್ ಬ್ಲೈಂಡ್‌ನಲ್ಲಿ ಕೂತಿದ್ದಾಗ ಇದೇ 2.2ಕ್ಕೆ ಕಾಲ್ ಮಾಡಲು ಬೇಕಾದದ್ದು ಬರೀ 20% ಪಾಲು. ಹಾಗಾಗಿ ಅಲ್ಲಿ ಎಲೆ ಎಸೆಯುವ ಮೊದಲು ಒಂದು ಸಲ ಯೋಚಿಸಿ.

ಬಬಲ್, ಅಂದರೆ ಬಹುಮಾನದ ಹಣ ಸಿಗುವುದಕ್ಕೆ ತುಸು ಮುಂಚಿನ ಘಟ್ಟ, ಹತ್ತಿರ ಬಂದಾಗ ಇದೇ ಲೆಕ್ಕ ಬದಲಾಗುತ್ತದೆ. ಎಂಟ್ರಿಗಳಲ್ಲಿ ಸುಮಾರು 15% ಮಂದಿಗೆ ಹಣ. ಸ್ಮಾಲ್ ಬ್ಲೈಂಡ್‌ನವರು 10 ಬಿಗ್ ಬ್ಲೈಂಡ್ ತಳ್ಳಿದರು, ನಾನು ಬಿಗ್ ಬ್ಲೈಂಡ್. 12 ಗೆಲ್ಲಲು 9 ಹಾಕಬೇಕು, ಚಿಪ್ ಲೆಕ್ಕದಲ್ಲಿ 43% ಸಾಕು. ಆದರೆ ಕಳೆದುಕೊಳ್ಳುವ ಚಿಪ್‌ಗೆ ಗೆಲ್ಲುವ ಚಿಪ್‌ನ ಒಂದೂವರೆ ಪಟ್ಟು ಬೆಲೆ ಅಂತ ಹಿಡಿದರೆ 53% ಬೇಕಾಗುತ್ತದೆ. ಮಧ್ಯಮ ಸ್ಟ್ಯಾಕ್‌ನವರೇ ಇಲ್ಲಿ ಹೆಚ್ಚು ಕಟ್ಟುನಿಟ್ಟಾಗಿರಬೇಕು. ದೊಡ್ಡ ಸ್ಟ್ಯಾಕ್ ಇರುವವರಿಗೆ ಇದು ಸುಗ್ಗಿ, ಅವರು ರೇಸ್ ಮಾಡುತ್ತಲೇ ಇರುತ್ತಾರೆ. ಹ್ಯಾಂಡ್-ಫಾರ್-ಹ್ಯಾಂಡ್ ಘೋಷಿಸಿದ ಮೇಲೆ ಎಲ್ಲ ಟೇಬಲ್‌ಗಳಲ್ಲೂ ಒಂದೊಂದೇ ಕೈ ಏಕಕಾಲಕ್ಕೆ ನಡೆಯುತ್ತದೆ. ಬೇರೆ ಬೇರೆ ಟೇಬಲ್‌ನಲ್ಲಿ ಇಬ್ಬರು ಒಟ್ಟಿಗೆ ಔಟಾದರೆ ಬಹುಮಾನ ಹಂಚಿಕೆ. ಒಂದೇ ಟೇಬಲ್‌ನಲ್ಲಾದರೆ, ಆ ಕೈ ಶುರುವಾದಾಗ ಹೆಚ್ಚು ಚಿಪ್ ಇದ್ದವರಿಗೆ ಮೇಲಿನ ಸ್ಥಾನ.

ಟೇಬಲ್ ಮೇಲಿನ ಸಣ್ಣ ನಿಯಮಗಳಲ್ಲೂ ದುಡ್ಡು ಹೋಗುತ್ತದೆ. ಬೇರೆಯವರ ಪಣಕ್ಕೆ ಬಾಯಿ ಬಿಡದೆ ಒಂದೇ ದೊಡ್ಡ ಚಿಪ್ ಇಟ್ಟರೆ ಅದು ಕಾಲ್, ರೇಸ್ ಅಲ್ಲ. ಎರಡು ಸಲ ಕೈ ಚಾಚಿ ಚಿಪ್ ಇಡುವಂತಿಲ್ಲ. ಮೊದಲು ‘ರೇಸ್’ ಅಂತ ಹೇಳಿ, ಮೊತ್ತ ಹೇಳಿ, ಆಮೇಲೆ ಚಿಪ್ ಮುಟ್ಟಿ. ಕೈ ನಡೆಯುವಾಗ ಪಕ್ಕದಲ್ಲಿ ಕನ್ನಡಿಗರೇ ಕೂತಿದ್ದರೂ ಇಂಗ್ಲಿಷ್‌ನಲ್ಲೇ ಮಾತು.

5,300 ಪೂರ್ತಿ ಕೈಯಿಂದ ಹಾಕುವವರು ಕಡಿಮೆ. ಗೆಲುವಿನ ಪಾಲನ್ನು ಮುಂಚೆಯೇ ಬೇರೆಯವರಿಗೆ ಮಾರುವುದು ಮಾಮೂಲು. ಅರ್ಧ ಪಾಲನ್ನು 1.1 ಪಟ್ಟು ದರಕ್ಕೆ ಕೊಟ್ಟರೆ 2,915 ಬರುತ್ತದೆ, ನಿಮ್ಮ ಜೇಬಿನಿಂದ 2,385. ಸ್ಥಳದಲ್ಲೇ ನಡೆಯುವ ಸ್ಯಾಟಲೈಟ್ (ಮೇನ್ ಇವೆಂಟ್‌ನ ಸೀಟನ್ನೇ ಬಹುಮಾನವಾಗಿ ಕೊಡುವ ಚಿಕ್ಕ ಟೂರ್ನಿ) ಇನ್ನೊಂದು ದಾರಿ. ಅಲ್ಲಿ ಗೆದ್ದವರಿಗೆಲ್ಲ ಒಂದೇ ಬೆಲೆಯ ಸೀಟು, ಮೊದಲ ಸ್ಥಾನಕ್ಕೆ ಹೆಚ್ಚುವರಿ ಏನೂ ಇಲ್ಲ. ಸೀಟು ಖಚಿತವಾದಷ್ಟು ಚಿಪ್ ಇದ್ದರೆ ಎಕ್ಕದ ಜೋಡಿ ಬಂದರೂ ಎಸೆಯುವುದೇ ಸರಿ. ಭಾರತದಿಂದ ಆನ್‌ಲೈನ್‌ನಲ್ಲಿ ಹಣ ಕಟ್ಟಿ ಸೀಟು ಗೆಲ್ಲುವ ಬಾಗಿಲು 2025ರ ಆಗಸ್ಟ್‌ನ ಕಾನೂನಿನಿಂದ ಮುಚ್ಚಿದೆ.

ಬೆಂಗಳೂರಿನಿಂದ ಹೊರಡುವವರು ಹಣ ಸಾಗಿಸುವ ದಾರಿಯನ್ನು ಮೊದಲೇ ಸಿಎ ಹತ್ತಿರ ಕೇಳಿಕೊಳ್ಳಿ. ವಿದೇಶಿ ನೋಟು ಒಯ್ಯಲು 3,000 ಡಾಲರ್ ಮಿತಿಯಿದೆ, ಹಲವು ಫಾರೆಕ್ಸ್ ಕಾರ್ಡ್‌ಗಳು ಕ್ಯಾಸಿನೊದಲ್ಲಿ ನಡೆಯುವುದಿಲ್ಲ. ಮರಳುವಾಗ ಯುರೋಪಿನಿಂದ 10,000 ಯೂರೊ ಅಥವಾ ಹೆಚ್ಚು ನಗದು ತಂದರೆ ಅಲ್ಲಿನ ಕಸ್ಟಮ್ಸ್‌ಗೆ ಘೋಷಿಸಬೇಕು. ಪಾವತಿ ರಸೀದಿ ಬಿಸಾಡಬೇಡಿ. ಗೆಲುವಿನ ಮೇಲೆ ಭಾರತದಲ್ಲಿ 30% ತೆರಿಗೆ, ಜೊತೆಗೆ ಸೆಸ್ ಇದೆ. ರಸೀದಿ ನಿಮ್ಮ ಹೆಸರಲ್ಲಿರುವುದರಿಂದ ತೆರಿಗೆ ಇಲಾಖೆ ಕೇಳುವುದೂ ನಿಮ್ಮನ್ನೇ. ಪಾಲುದಾರರಿಗೆ ಕೊಡುವುದು ತೆರಿಗೆಗೆ ಮುಂಚಿನ ಮೊತ್ತದಲ್ಲೋ, ನಂತರದ್ದರಲ್ಲೋ ಅನ್ನುವುದನ್ನು ಆಟಕ್ಕೆ ಕೂರುವ ಮೊದಲೇ ಬರೆದಿಟ್ಟುಕೊಳ್ಳಿ, ವಾಟ್ಸ್ಆ್ಯಪ್‌ನಲ್ಲಾದರೂ ಸರಿ.